ಅವ್ವನ ಬಲಭುಜಕ್ಕೊಂದು ಯಂತ್ರ

ನನ್ನ ಕೆಲಸದ ಹೆಸರು ಪ್ರಾಡಕ್ಟ್ ಮ್ಯಾನೇಜರ್. ಹಾಸನದ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಅಡುಗೆಮನೆಗಳಿಗೆ ಯಂತ್ರ ಮಾಡುವ ಸಣ್ಣ ಕಾರ್ಖಾನೆಯೊಂದರಲ್ಲಿದ್ದೇನೆ. ಯಾವ ಯಂತ್ರ ಮಾಡಬೇಕು, ಅದು ಯಾರಿಗೆ, ಅವರ ಯಾವ ಕಷ್ಟ ಕಳೆಯಬೇಕು ಎಂದು ತೀರ್ಮಾನಿಸುವವಳು ನಾನು. ಕೆಟ್ಟರೆ ಬೈಸಿಕೊಳ್ಳುವವಳೂ ನಾನೇ. ಇದನ್ನು ಅವ್ವನಿಗೆ ನಾಲ್ಕಾರು ಸಲ ಬಿಡಿಸಿ ಹೇಳಿದ್ದೆ. ಒಂದು ದಿನ ಅವಳು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದುದು ಕಿವಿಗೆ ಬಿತ್ತು: "ನಮ್ಮುಡ್ಗಿ ಮಿಸನ್ನ ಮಾಡದೂ ಇಲ್ಲ, ಮಾರದೂ ಇಲ್ಲ. ಊರೂರ್ ತಿರ್ಗಿ ಎಲ್ಲಾರ್ನೂ ಏನ್ ಕಷ್ಟ ಅಂತ ಕೇಳ್ಕಂಡ್ ಬತ್ತಾಳೆ. ಅದ್ಕೂ ಸಂಬ್ಳ ಕೊಡ್ತಾರಂತೆ ಕಣವ್ವ!" ಇಷ್ಟು ಚೆನ್ನಾಗಿ ನಮ್ಮ ಮಾಲೀಕರಿಗೂ ಹೇಳಲು ಬರುವುದಿಲ್ಲ.

ಅವ್ವ ಹೊಳೆನರಸೀಪುರದ ಒಂದು ವಿದ್ಯಾರ್ಥಿನಿಲಯದಲ್ಲಿ ಅಡುಗೆಯವಳಾಗಿದ್ದಳು. ಅರವತ್ತು ಮಕ್ಕಳಿಗೆ ದಿನವೂ ರಾಗಿಮುದ್ದೆ. ನಮ್ಮ ಕಡೆ ಅದಕ್ಕೆ ಹಿಟ್ಟು ಅಂತಲೇ ಹೆಸರು. ಮನೆಯಲ್ಲಿ ನಾವಿಬ್ಬರೇ ಇದ್ದುದರಿಂದ ಶಾಲೆ ಬಿಟ್ಟ ಮೇಲೆ ನಾನೂ ಅಲ್ಲಿಗೇ ಹೋಗಿ ರಾಗಿಹಿಟ್ಟಿನ ಚೀಲದ ಮೇಲೆ ಕೂತುಬಿಡುತ್ತಿದ್ದೆ. ಎಸರು ಕುದಿದು ಹಿಟ್ಟು ಬೆಂದ ಮೇಲೆ ಅವ್ವ ಪಾತ್ರೆ ಇಳಿಸಿ, ಅದು ಅಲುಗಾಡದ ಹಾಗೆ ಕವೆಗೋಲು ಹಾಕಿ, ಕೋಲನ್ನು ಎರಡೂ ಪಾದಗಳಿಂದ ಒತ್ತಿಹಿಡಿದು, ದೊಣ್ಣೆಯಿಂದ ತಿರುವುತ್ತಿದ್ದಳು. ಗಂಟು ಉಳಿಯಬಾರದಲ್ಲ. ಭಾರವೆಲ್ಲ ಬಲಭುಜದ ಮೇಲೆ. ನಾನು ಒಂಬತ್ತನೇ ತರಗತಿಗೆ ಬರುವಷ್ಟರಲ್ಲಿ ಅವಳಿಗೆ ಬಲಗೈ ತಲೆಯ ತನಕ ಎತ್ತಲಾಗುತ್ತಿರಲಿಲ್ಲ. ಅವಳ ತಲೆ ಬಾಚಿ ತುರುಬು ಕಟ್ಟುತ್ತಿದ್ದವಳು ನಾನು.

ಹಾಸನದಲ್ಲೇ ಮೆಕ್ಯಾನಿಕಲ್ ಡಿಪ್ಲೊಮಾ ಓದಿ ಇದೇ ಕಾರ್ಖಾನೆಗೆ ನಕ್ಷೆ ಬರೆಯಲು ಸೇರಿದೆ. ಪ್ರಾಡಕ್ಟ್ ಮ್ಯಾನೇಜರ್ ಬೇಕೆಂದಾಗ ನಾನೇ ಹೋಗಿ ಕೇಳಿದೆ. ನಿನಗ್ಯಾಕಮ್ಮ ಈ ತಲೆನೋವು ಅಂದರು ಮಾಲೀಕರು. "ನಮ್ಮವ್ವಂದು ಬಲಭುಜ ನೋಯುತ್ತೆ ಸಾರ್" ಎಂದೆ. ನಕ್ಕರು. ನಾನು ನಗದೇ ಇದ್ದುದನ್ನು ಕಂಡು ಕೂತುಕೋ ಎಂದರು.

ಆ ಕೆಲಸಕ್ಕೆ ಬೇಕಾದ ಯಾವ ವಿದ್ಯೆ ನನ್ನಲ್ಲಿತ್ತು? ಚೀಲದ ಮೇಲೆ ಕೂತು ಬೇರೆಯವರ ಕೈಗಳನ್ನು ನೋಡುವುದೊಂದು ಗೊತ್ತಿತ್ತು. ಬಾಯಿ ಹೇಳುವುದು ಒಂದಾದರೆ ಕೈ ಹೇಳುವುದು ಇನ್ನೊಂದು. ಅರಕಲಗೂಡಿನ ಕಲ್ಯಾಣ ಮಂಟಪದ ಅಡುಗೆಯವರು ಮೋಟರು ಜೋರಾಗಿರಲಿ ಎಂದಿದ್ದರು. ಅರ್ಧ ದಿನ ಜೊತೆಗಿದ್ದು ನೋಡಿದರೆ ಅವರನ್ನು ಕಾಡುತ್ತಿದ್ದುದು ಬಿಸಿ ಪಾತ್ರೆ ಇಳಿಸುವ ಕಷ್ಟ. ಹಾಗಾಗಿ ಪಾತ್ರೆ ಇಳಿಸದೆಯೇ ಹಿಟ್ಟು ತಿರುವುವ ಯಂತ್ರ ಮಾಡಿಸಿದೆ. ಇನ್ನೊಂದು ಗುಣವೆಂದರೆ ಹಟ. ಬೇಡ ಅಂದದ್ದನ್ನು ಬೇಡವೇ ಅನ್ನಬೇಕು. ಯಂತ್ರ ತಾನೇ ಮುದ್ದೆಯನ್ನೂ ಕಟ್ಟಿ ಕೊಡುವುದಾದರೆ ಮೂರು ಅಳತೆಯ ಅಚ್ಚು ಇರಲಿ ಎಂದು ವರ್ಕ್‌ಶಾಪಿನ ಹಿರಿಯರೊಬ್ಬರು ಹೇಳಿದರು. ಬಿಡಿಭಾಗ ಹೆಚ್ಚಾಗುತ್ತದೆ, ಕೆಡುವುದೂ ಹೆಚ್ಚಾಗುತ್ತದೆ, ಒಂದೇ ಅಳತೆ ಸಾಕು ಎಂದೆ. ನನ್ನ ಮಾತೇ ಗೆದ್ದಿತು. ಎಷ್ಟು ಬೀಗಿದ್ದೆನೋ!

ಮೊದಲ ಯಂತ್ರಗಳಲ್ಲಿ ಒಂದು ಅವ್ವನ ಅಡುಗೆಮನೆಗೆ, ಒಂದು ಚನ್ನರಾಯಪಟ್ಟಣದ ವಿದ್ಯಾರ್ಥಿನಿಲಯಕ್ಕೆ ಹೋಯಿತು. ನಾನು ನೋಡಲು ಹೋದಾಗೆಲ್ಲ ಅವ್ವ ಸ್ಟೂಲಿನ ಮೇಲೆ ಕೈಕಟ್ಟಿ ಕೂತಿರುತ್ತಿದ್ದಳು, ಯಂತ್ರ ಒಂದೇ ಗಾತ್ರದ ಮುದ್ದೆಗಳನ್ನು ಹೊರಗೆ ತಳ್ಳುತ್ತಿತ್ತು. "ಎಂಗೈತವ್ವ?" ಅಂದರೆ "ಬೋ ಚೆಂದಾಗೈತೆ ಕಣ್ ಮಗಾ, ನಂಗಿನ್ನೇನ್ ಕೆಲ್ಸ, ರಾಣಿ ಅಂಗ್ ಕುಂತಿವ್ನಿ" ಅನ್ನುತ್ತಿದ್ದಳು. ಯಂತ್ರ ಹೋದ ನಾಲ್ಕೂ ತಾಲ್ಲೂಕಿನ ಅಡುಗೆಯವರು ಚೆನ್ನಾಗಿದೆ ಎಂದೇ ಬರೆದುಕೊಟ್ಟರು. ಒಂದು ದೂರೂ ಇರಲಿಲ್ಲ. ಆದರೂ ಅವಳ ಭುಜದ ನೋವು ಇಳಿಯಲಿಲ್ಲ. ಹಳೇ ನೋವು, ನಿಧಾನವಾಗಿ ಹೋದೀತು ಎಂದುಕೊಂಡು ತುರುಬು ಕಟ್ಟುತ್ತಲೇ ಇದ್ದೆ. ನಿವೃತ್ತಳಾದ ಮೂರನೇ ತಿಂಗಳಲ್ಲಿ, ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದವಳು ಹೃದಯಾಘಾತವಾಗಿ ಹೋಗಿಬಿಟ್ಟಳು.

ಅದಾಗಿ ವರ್ಷದ ಮೇಲೆ ಯಂತ್ರ ನೋಡಿ ಬರಲು ಚನ್ನರಾಯಪಟ್ಟಣಕ್ಕೆ ಹೋದವಳು, ಬಸ್ಸು ಬೇಗ ಸಿಕ್ಕಿದ್ದರಿಂದ ಹೇಳಿದ ಹೊತ್ತಿಗಿಂತ ಮೊದಲೇ ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅಲ್ಲಿಯ ಅಡುಗೆಯಾಕೆ ಯಂತ್ರ ಕಟ್ಟಿದ ಬಿಸಿಬಿಸಿ ಮುದ್ದೆಗಳನ್ನೆಲ್ಲ ಮತ್ತೆ ಪಾತ್ರೆಗೆ ಹಾಕಿ ದೊಣ್ಣೆಯಿಂದ ಮಿದಿದು, ಅಂಗೈಗೆ ನೀರು ಹಚ್ಚಿಕೊಂಡು, ಒಂದು ದೊಡ್ಡದು ಒಂದು ಚಿಕ್ಕದು ಅಂತ ಹೊಸದಾಗಿ ಕಟ್ಟುತ್ತಿದ್ದರು. ನನ್ನನ್ನು ಕಂಡು ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ಬೆವೆತರು. ಯಾಕಮ್ಮ ಹೀಗೆ ಎಂದೆ.

"ಏನ್ ಮಾಡದವ್ವ, ಆಟಕ್ಕೋಗ್ ಬಂದೋನ್ಗೂ ಅಷ್ಟೇ, ಜರ ಬಂದ್ ಮಲ್ಗಿದ್ದೋನ್ಗೂ ಅಷ್ಟೇ ಇಕ್ಕಕಾಯ್ತದಾ? ಇಟ್ಟು ಎಲೇಲಿ ಬಿಡಬಾರ್ದು ಅಂತ ಚಿಕ್ಕವು ಅಳ್ತಾ ನುಂಗ್ತಾವೆ."

ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದ್ದು ತುಸು ಸಿಟ್ಟಿನಿಂದಲೇ. ಆಕೆ ಸೆರಗಿನಿಂದ ಕೈ ಒರೆಸಿಕೊಂಡರು. "ನಿಮ್ಮವ್ವನೇ ಬ್ಯಾಡ ಅಂದಿದ್ರು. ಮಿಸನ್ ಬಂದ್ ಮ್ಯಾಲೆ ಆಸನ್ದಲ್ಲಿ ಅಡ್ಗೆಯೋರ್ಗೆಲ್ಲ ಟ್ರೈನಿಂಗ್ ಇತ್ತಲ್ಲ, ಅವತ್ತು ಒಬ್ಬೊಬ್ರ ಕೈನೂ ಇಡ್ಕಂಡ್ರು. ನಮ್ಮುಡ್ಗಿ ಮಾಡ್ಸಿರೋ ಮಿಸನ್ನು, ತೆಪ್ಪು ಅಂತ ಬರೀಬ್ಯಾಡ್ರಿ, ಅವ್ಳ್ ಕೆಲ್ಸಕ್ ಕುತ್ತಾದಾತು, ನಾನೂ ಮಿದ್ದು ಮಿದ್ದು ಕೈಯಾಗೇ ಕಟ್ತಿವ್ನಿ, ನೀವೂ ಅಂಗೇ ಮಾಡ್ಕಳಿ ಅಂದ್ರು."

ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನ ಹೆಗ್ಗಣವನ್ನು ಅವಳು ನಾಲ್ಕು ತಾಲ್ಲೂಕಿನ ಬಾಯಿ ಮುಚ್ಚಿಸಿ ಸಾಕಿದ್ದಳು. ಸ್ಟೂಲಿನ ರಾಣಿ ನಾನು ಗೇಟು ದಾಟಿದೊಡನೆ ಎದ್ದು, ಅದೇ ಭುಜದಲ್ಲಿ, ಅರವತ್ತು ಮುದ್ದೆಯನ್ನೂ ಮಿದ್ದು ಎರಡನೇ ಸಲ ಕಟ್ಟುತ್ತಿದ್ದಳು. ಕಂಡಕಂಡವರ ಕೈಯನ್ನೆಲ್ಲ ಗಂಟೆಗಟ್ಟಲೆ ನೋಡಿದವಳು ನಾನು. ಅವಳ ಪಕ್ಕದಲ್ಲಿ ಮಾತ್ರ ಒಂದು ಪೂರ್ತಿ ಊಟದ ಹೊತ್ತು ಕೂರಲಿಲ್ಲ. ಮನೆಯವಳಲ್ಲವೇ, ಎಲ್ಲ ಗೊತ್ತು ಎಂದುಕೊಂಡಿದ್ದೆ.

ಈಗ ಮೂರು ಅಳತೆಯ ಅಚ್ಚು ಬಂದಿದೆ, ಹಿಡಿ ತಿರುಗಿಸಿದರೆ ಮುದ್ದೆಯ ಗಾತ್ರ ಬದಲಾಗುತ್ತದೆ. ಆದರೂ ಸಂಜೆ ಮನೆಗೆ ಬಂದಾಗ ಅವಳು ಕಟ್ಟಿದ ಒಂದು ಮುದ್ದೆ ಉಣ್ಣಬೇಕು, ಅವಳ ತಲೆ ಬಾಚಬೇಕು ಎಂದು ಜೀವ ಹಾತೊರೆಯುತ್ತದೆ. ಹೋದ ವಾರ ಹೊಸ ಯಂತ್ರ ತಗೊಂಡ ಅಡುಗೆಯವರೊಬ್ಬರು ಫೋನು ಮಾಡಿದರು. "ಯಾವಳವ್ವ ಇದ್ನ ಮಾಡ್ಸ್ದೋಳು? ತಿರ್ಗ್ಸೋ ಇಡಿ ಅಷ್ಟ್ ಮೇಲಿಟ್ರೆ ಯಾರ್ ಕೈಗೆಟುಕ್ತದೆ? ಒಂದಿನ ಬಂದು ನೀನೇ ತಿರ್ಗ್ಸು, ಗೊತ್ತಾಯ್ತದೆ!" ಕಾಲು ಗಂಟೆ ಬೈದರು. ನಾನು ಹೂಂ ಎನ್ನುತ್ತ, ಅಳುತ್ತ, ಎಲ್ಲವನ್ನೂ ಬರೆದುಕೊಂಡೆ. ಅವ್ವ, ಒಂದೇ ಒಂದು ಸಲ ನೀನು ಹೀಗೆ ಬೈದಿದ್ದರೆ ಸಾಕಿತ್ತು.