ಹೆಗಲಿಗೆ ಒದೆಯುತ್ತಿದ್ದ ರೈಫಲ್

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜಯನಗರದ ಕಾಲೇಜೊಂದರಲ್ಲಿ ಓದುತ್ತಾ ಎನ್‌ಸಿಸಿಯಲ್ಲಿದ್ದೆ. ಅಲ್ಲಿನ ಚಿಕ್ಕ ರೈಫಲ್‌ನಲ್ಲಿ ನನ್ನ ಗುರಿ ಚೆನ್ನಾಗಿತ್ತು. ಆ ವರ್ಷ ರಾಜ್ಯ ತಂಡದ ಆಯ್ಕೆಗೆಂದು ನಮ್ಮ ಕೈಗೆ ದೊಡ್ಡ ತ್ರೀನಾಟ್‌ತ್ರೀ ರೈಫಲ್ ಕೊಟ್ಟರು. ಊರಾಚೆಯ ಫೈರಿಂಗ್ ಮೈದಾನದಲ್ಲಿ ಮೊದಲ ಗುಂಡು ಹಾರಿಸಿದಾಗ ಯಾರೋ ಹೆಗಲಿಗೆ ಒನಕೆಯಿಂದ ತಿವಿದ ಹಾಗಾಯಿತು. ಸರದಿ ಮುಗಿಯುವಷ್ಟರಲ್ಲಿ ಕಣ್ಣಲ್ಲಿ ನೀರು. ಗುರಿಹಲಗೆಯಲ್ಲಿ ಇದ್ದದ್ದು ಒಂದೇ ತೂತು, ಅದೂ ಅಂಚಿನಲ್ಲಿ.

“ಬಿಗಿಯಾಗಿ ಹಿಡೀಬೇಕಮ್ಮ,” ಎಂದರು ನಮಗೆ ಕಲಿಸುತ್ತಿದ್ದ ಹವಾಲ್ದಾರರು.

ಬಿಗಿಯಾಗಿಯೇ ಹಿಡಿದಿದ್ದೆ. ಮುಂದಿನ ವಾರ ಇನ್ನೂ ಬಿಗಿಯಾಗಿ ಹಿಡಿದೆ, ಅದು ಇನ್ನೂ ಜೋರಾಗಿ ಒದೆಯಿತು. ಏನು ಕೇಳಿದರೂ ಅವರ ಬಳಿ ಇದ್ದದ್ದು ಅದೊಂದೇ ಮಾತು.

ಯಡಿಯೂರಿನ ಮನೆಯಲ್ಲಿ ಅಮ್ಮ ಹೆಗಲಿನ ಬಳಿ ನನ್ನ ತೋಳು ಕಪ್ಪುಗಟ್ಟಿದ್ದನ್ನು ನೋಡಿ, “ಓದೋ ಹುಡುಗಿ ಹೆಗಲಾ ಇದು?” ಎಂದು ಬೈದಳು. ಬೈದವಳೇ ಹಳೆಯ ದಿಂಬಿನ ಹತ್ತಿ ತೆಗೆದು ಶರಟಿನೊಳಗೆ ದಪ್ಪ ಮೆತ್ತೆ ಹೊಲಿದುಕೊಟ್ಟಳು. ಮೆತ್ತೆ ಇದ್ದರೂ ನೋವು ಹೆಚ್ಚೇ ಆಯಿತು. ಸಾಲದ್ದಕ್ಕೆ ಹವಾಲ್ದಾರರ ಕಣ್ಣಿಗೆ ಆ ಉಬ್ಬು ಬಿತ್ತು.

“ಏನಮ್ಮಾ, ದಿಂಬು ಇಟ್ಕೊಂಡು ಯುದ್ಧಕ್ಕೆ ಹೋಗ್ತೀಯಾ?”

ಸಾಲಿನಲ್ಲಿದ್ದವರೆಲ್ಲ ನಕ್ಕರು.

ಸಿದ್ದಾಪುರದ ಗೆಳತಿಯೊಬ್ಬಳಿದ್ದಳು, ನನಗಿಂತ ಗೇಣುದ್ದ ಎತ್ತರ. ಅವಳಿಗೆ ಈ ಕಷ್ಟವೇ ಇರಲಿಲ್ಲ. ಒಂದು ದಿನ ಕಾಲೇಜಿನ ಮೈದಾನದಲ್ಲಿ ಖಾಲಿ ರೈಫಲ್ ಹಿಡಿದು ಇಬ್ಬರೂ ಅಕ್ಕಪಕ್ಕ ಮಲಗಿದ್ದೆವು.

“ನೀನ್ಯಾಕೆ ಕತ್ತು ಹಂಗೆ ಚಾಚ್ತೀಯ?” ಎಂದಳು.

“ಚಾಚದೆ ಇದ್ರೆ ಗುರಿ ಕಾಣಲ್ಲ ಕಣೆ.”

“ನಂಗೆ ಕಾಣುತ್ತಲ್ಲ.”

ಎದ್ದು ನನ್ನ ಕೈಯನ್ನೇ ದಿಟ್ಟಿಸಿದಳು. ಆಗ ತಿಳಿಯಿತು. ಹೆಗಲಿಗೆ ಒತ್ತುವ ಮರದ ಬಟ್ ನನ್ನ ತೋಳಿಗೆ ಉದ್ದವಾಗಿತ್ತು. ಟ್ರಿಗರ್ ಎಟುಕಲೆಂದು ನಾನು ಅದನ್ನು ಕೊರಳೆಲುಬಿನ ಕೆಳಗಿನ ಕುಳಿಯಿಂದ ಸರಿಸಿ ತೋಳಿನ ಮೂಳೆಯ ಮೇಲೆ ಇಟ್ಟುಕೊಳ್ಳುತ್ತಿದ್ದೆ, ಗುರಿ ಕಾಣಲೆಂದು ಕತ್ತು ಚಾಚುತ್ತಿದ್ದೆ. ಅಮ್ಮನ ಮೆತ್ತೆ ಅದನ್ನು ಇನ್ನಷ್ಟು ಉದ್ದ ಮಾಡಿತ್ತು.

“ಸಾರ್, ಚಿಕ್ಕ ಬಟ್ ಇರೋ ರೈಫಲ್ ಸಿಗುತ್ತಾ?” ಎಂದು ಹವಾಲ್ದಾರರನ್ನು ಕೇಳಿದೆ.

“ಇದೇನು ಚಪ್ಪಲಿ ಅಂಗಡೀನಾ, ಸೈಜ್ ನೋಡಿ ಕೊಡಕ್ಕೆ?”

ಮೆತ್ತೆ ಕಿತ್ತುಹಾಕಿದೆ. ಎಡಗೈಯನ್ನು ಹಿಂದಕ್ಕೆ ತಂದು, ಬಟ್ಟನ್ನು ಕುಳಿಗೇ ಒತ್ತಿ, ರೈಫಲ್‌ನ ಹಿಂದೆ ಮೈಯನ್ನು ನೇರ ಚಾಚಿ ಮಲಗುವುದನ್ನು ದಿನಾ ಅಭ್ಯಾಸ ಮಾಡಿದೆ. ಟ್ರಿಗರ್ ಬೆರಳ ತುದಿಗಷ್ಟೇ ಸಿಗುತ್ತಿತ್ತು. ಆಯ್ಕೆಯ ದಿನ ರೈಫಲ್ ಒದೆಯಲಿಲ್ಲ, ಬರೀ ತಳ್ಳಿತು. ಆದರೆ ಇಷ್ಟು ದಿನ ಪೆಟ್ಟು ತಿಂದ ಮೈ ನನ್ನ ಮಾತು ಕೇಳಬೇಕಲ್ಲ. ಬೆರಳು ಒತ್ತುವ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು. ಗೆಳತಿ ಆಯ್ಕೆಯಾದಳು, ನಾನು ಆಗಲಿಲ್ಲ.

ಅಲ್ಲಿ ಬೇರೆ ಕಾಲೇಜಿನ ಹುಡುಗಿಯೊಬ್ಬಳು, ನನ್ನಷ್ಟೇ ಗಿಡ್ಡ, ಗಿಡ್ಡ ಬಟ್ಟಿನ ರೈಫಲ್ ಒರೆಸುತ್ತಾ ಕುಳಿತಿದ್ದಳು.

“ಎಲ್ಲಿ ಸಿಕ್ತು?” ಎಂದೆ.

“ನಮ್ ಸಾರ್ ಹಾಕಿಸ್ಕೊಟ್ರು. ಬಟ್ ಬೇರೆ ಬೇರೆ ಅಳತೇದು ಬರುತ್ತಲ್ಲ, ಗೊತ್ತಿಲ್ವಾ?”

ಹೋಗಿ ಹವಾಲ್ದಾರರಿಗೆ ಹೇಳಿದೆ.

“ಹೌದಾ? ಮೊದಲೇ ಹೇಳೋದಲ್ವಾ,” ಎನ್ನುತ್ತಾ ಅವರು ಟೀ ಕುಡಿಯಲು ಹೊರಟರು.

ಬಸ್ಸಿನಲ್ಲಿ ಗೆಳತಿ ಪಕ್ಕದಲ್ಲೇ ಕುಳಿತಿದ್ದಳು. ಜಯನಗರ ಬರುವ ತನಕ ನಾನು ಕಿಟಕಿಯ ಕಡೆಗೇ ತಿರುಗಿ ಕುಳಿತಿದ್ದೆ. ಸಿಟ್ಟು ಅವಳ ಮೇಲಲ್ಲ ಎಂದು ಹೇಳಲೂ ಮನಸ್ಸಾಗಲಿಲ್ಲ.