ನಮಸ್ಕಾರ ಹೇಳಿದ್ದಕ್ಕೆ ಓಡಿಹೋದ ತಾತ

ಚಿಂತಾಮಣಿಯ ಒಂದು ಖಾಸಗಿ ಕಣ್ಣಾಸ್ಪತ್ರೆಯಲ್ಲಿ ನಾನು ಕ್ವಾಲಿಟಿ ಆಫೀಸರ್ ಆಗಿದ್ದೆ. ಎಂ.ಬಿ.ಎ. ಮುಗಿಸಿದ ಹೊಸತು, ಎರಡೇ ತಿಂಗಳಲ್ಲಿ ಆಸ್ಪತ್ರೆಯನ್ನು ತಿದ್ದಿಬಿಡುತ್ತೇನೆ ಎಂದು ನಂಬಿದ್ದೆ. ನಿಜವಾಗಿ ಹಾಗೆ ನಂಬಿದ್ದೆನೋ, ಈಗ ನಗುವುದಕ್ಕೆ ಅನುಕೂಲವೆಂದು ಹೀಗೆ ಬರೆಯುತ್ತಿದ್ದೇನೋ, ಖಾತ್ರಿಯಿಲ್ಲ. ಆ ದಿನಗಳ ಡೈರಿಯಲ್ಲಿ ಹೆಚ್ಚಾಗಿರುವುದು ಮಧ್ಯಾಹ್ನದ ಊಟದ ಸಮಾಚಾರವೇ.

ಚೀಟಿ ಬರೆಯುವ ಕೌಂಟರಿನಲ್ಲಿ ಐವತ್ತರ ಆಸುಪಾಸಿನ ಒಬ್ಬ ಹೆಂಗಸಿದ್ದರು. ಆರು ವರ್ಷದಿಂದ ತಾತ್ಕಾಲಿಕ ಕೆಲಸ. ಬಂದವರನ್ನೆಲ್ಲ ಗದರುತ್ತಿದ್ದರು: “ಏನ್ ತಾತ, ಹೋದ್ ತಿಂಗ್ಳೇ ಬಾ ಅಂದ್ರೆ ಈಗ್ ಬಂದಿದ್ದೀಯಾ? ತಿಂಡಿ ತಿಂದ್ಯಾ?” ನನಗಿದು ಸೇವೆಯ ಲೋಪವಾಗಿ ಕಂಡಿತು. ಒಂದು ಕಾರ್ಡು ಬರೆದುಕೊಟ್ಟೆ. ಎದ್ದು ನಿಲ್ಲಬೇಕು, ಕೈ ಮುಗಿಯಬೇಕು, ಮುಗುಳ್ನಗಬೇಕು, ಕಾರ್ಡಿನಲ್ಲಿದ್ದದ್ದನ್ನು ಹೇಳಬೇಕು. ಅವರನ್ನು ಕಾಯಂ ಮಾಡುವುದೋ ಮನೆಗೆ ಕಳಿಸುವುದೋ ಎಂದು ಮ್ಯಾನೇಜರು ತೀರ್ಮಾನಿಸುವುದು ತಿಂಗಳ ಕೊನೆಗೆ ನಾನು ಕೊಡುವ ವರದಿ ನೋಡಿ.

“ನಗ್ತಾ ಹೇಳ್ಬೇಕಾ, ಹೇಳಿ ನಗ್ಬೇಕಾ ಸಾರ್?”

“ಎರಡೂ ಒಟ್ಟಿಗೆ.”

“ನಮ್ಮನೆಯೋರ ಹತ್ರಾನೇ ಹಂಗೆ ಮಾತಾಡಿಲ್ಲ ನಾನು,” ಎನ್ನುತ್ತ ಕಾರ್ಡನ್ನು ಕಂಪ್ಯೂಟರಿಗೆ ಅಂಟಿಸಿಕೊಂಡರು.

ಮಾರನೆಯ ಬೆಳಿಗ್ಗೆ ಪೊರೆಯ ಆಪರೇಷನ್ನಿಗೆಂದು ಹಳ್ಳಿಯ ತಾತನೊಬ್ಬರು ಸೊಸೆಯ ಜೊತೆ ಬಂದರು. ಹಿಂದೆ ಎರಡು ಸಲ ಬಂದು ಬೈಸಿಕೊಂಡು ಹೋಗಿದ್ದವರು. ಆಕೆ ಎದ್ದು ಕೈ ಮುಗಿದರು. “ನಮಸ್ಕಾರ. ತಮಗೆ ಸ್ವಾಗತ. ತಮ್ಮ ಆರೋಗ್ಯವೇ ನಮ್ಮ ಭಾಗ್ಯ. ದಯವಿಟ್ಟು ಆಸೀನರಾಗಿ.” ಮುಗುಳ್ನಗು ಸ್ವಲ್ಪ ತಡವಾಗಿ ಬಂತು.

ತಾತ ಆಸೀನರಾಗಲಿಲ್ಲ. “ಅಯ್ಯೋ ದೇವುಡಾ! ನಡಿಯಮ್ಮ ಹೋಗಣ,” ಅಂದರು ಸೊಸೆಗೆ.

“ಯಾಕ್ ಮಾವ?”

“ಯಾವತ್ತೂ ಬೈಯೋಳು ಇವತ್ತು ಕೈ ಮುಗೀತಾವ್ಳೆ. ನನ್ ಕಣ್ಣಿನ ಆಸೆ ಬಿಟ್ಟವ್ರೆ ಕಣಮ್ಮ. ಇವ್ಳಿಗೆ ಗೊತ್ತೈತೆ, ಬಾಯಿ ಬಿಡ್ತಿಲ್ಲ!”

ಬಸ್ ಸ್ಟಾಂಡಿನ ಕಡೆ ಹೊರಟೇಬಿಟ್ಟರು. ಬೆಂಚಿನ ಮೇಲಿದ್ದ ಇನ್ನಿಬ್ಬರೂ ಮುಖ ಮುಖ ನೋಡಿಕೊಂಡು ಚೀಲ ಎತ್ತಿಕೊಂಡರು.

ನಾನು “ಸರ್, ಸರ್” ಎಂದು ಹಿಂದೆ ಓಡಿದೆ. ‘ಸರ್’ ಕೇಳಿದ ಮೇಲೆ ತಾತ ಇನ್ನಷ್ಟು ಬಿರುಸಾಗಿ ನಡೆದರು. ಕೊನೆಗೆ ಆಕೆಯೇ ಗೇಟಿಗೆ ಬಂದು ಕೂಗಿದರು: “ಏಯ್ ತಾತ! ಕಣ್ಣು ಕಾಣಲ್ಲ ಅಂತೀಯ, ಬಸ್ ಸ್ಟಾಂಡು ಮಾತ್ರ ಕಾಣ್ತದಾ? ಬಾ ಈ ಕಡೆ. ಡಾಕ್ಟ್ರು ಕಾಯ್ತಾವ್ರೆ!”

ತಾತ ನಿಂತರು. ಮುಖ ಅರಳಿತು. “ಹಂಗಾದ್ರೆ ನಂಗೇನೂ ಆಗಿಲ್ವಾ?”

“ನಿಂಗೇನಾಗ್ತದೆ? ನಮ್ಮನ್ನೆಲ್ಲ ಕಳಿಸಿ ಹೋಗೋನು ನೀನು. ಬಾ ಬಾ.”

ವರದಿಯಲ್ಲಿ ‘ಸೂಚಿಸಿದ ಮಾತುಗಳನ್ನಷ್ಟೇ ಆಡಿದರೇ?’ ಎಂಬ ಪ್ರಶ್ನೆಯಿತ್ತು. ಹೌದು ಎಂದರೆ ಅವರ ಕೆಲಸ ಉಳಿಯುತ್ತಿತ್ತು. ಜೊತೆಗೆ ಕಾರ್ಡೂ ಉಳಿಯುತ್ತಿತ್ತು. ಮ್ಯಾನೇಜರ ಮುಂದೆ ದೊಡ್ಡ ಭಾಷಣ ಮಾಡಿ ಅವರನ್ನು ಉಳಿಸಿದೆ ಎಂದು ಬಹಳ ಜನಕ್ಕೆ ಹೇಳಿಕೊಂಡಿದ್ದೇನೆ. ಡೈರಿಯಲ್ಲಿರುವುದು ಇಷ್ಟೇ: ‘ಇಲ್ಲ ಎಂದು ಬರೆದೆ. ಅದರ ಕೆಳಗೆ, ಅದಕ್ಕೇ ರೋಗಿ ವಾಪಸ್ ಬಂದರು, ಕಾರ್ಡು ಬರೆದ ತಪ್ಪು ನನ್ನದು ಎಂದೂ ಬರೆದೆ.’ ಮ್ಯಾನೇಜರು ಎರಡು ಸಲ ಓದಿ, ನನ್ನನ್ನೊಮ್ಮೆ ನೋಡಿ, ಸಹಿ ಹಾಕಿದರು.

ಕೆಲಸ ಕಾಯಂ ಆಯಿತೆಂದು ಹೇಳಲು ಕೌಂಟರಿಗೆ ಹೋದೆ. ಆಕೆ ಕಣ್ಣೊರೆಸಿಕೊಂಡು ಕೇಳಿದರು: “ಹಂಗಾದ್ರೆ ಇನ್ಮೇಲೆ ಬೈಬೋದಾ ಸಾರ್?”

“ಧಾರಾಳವಾಗಿ.”

“ಕೌಂಟ್ರಿಗೆ ಅಡ್ಡ ಯಾಕ್ ನಿಂತಿದ್ದೀರಾ ಮತ್ತೆ? ಅತ್ಲಾಗ್ ಸರೀರಿ, ಜನ ಬರ್ತಾವ್ರೆ.”