ಅಕ್ಕನ ನಕ್ಷೆಯ ಖಾಲಿ ಮನೆಗಳು

ಟಿ.ಬಿ. ಡ್ಯಾಮಿನ ಕಾಲುವೆ ಕಚೇರಿಯಲ್ಲಿ ಮೂವತ್ತೊಂದು ವರ್ಷದಿಂದ ನಕ್ಷೆ ಬರೆಯುತ್ತಿರುವ ಪ್ರಭಂಜನನಿಗೆ ಓದಲಾಗದ ನಕ್ಷೆ ಎಂಬುದು ಭೂಮಿಯ ಮೇಲಿರಲಿಲ್ಲ. ಇದು ಯಾರೋ ಹೊಗಳಿ ಹೇಳಿದ ಮಾತಲ್ಲ. ಅವನೇ ಹೇಳಿಕೊಂಡು ಬಂದದ್ದು. ಹಂಪಿಗೆ ಹೋದರೆ ಗುಡಿ ನೋಡುವುದಕ್ಕಿಂತ ಮೊದಲು ಮ್ಯಾಪು ಹಿಡಿದು ನಿಂತ ಪ್ರವಾಸಿಗರನ್ನು ನೋಡುತ್ತಿದ್ದ. ಅವರು ಕೇಳಲಿ ಬಿಡಲಿ, ಮ್ಯಾಪನ್ನು ಅವರ ಕೈಯಿಂದ ತೆಗೆದು ಉತ್ತರಕ್ಕೆ ತಿರುಗಿಸಿ ವಾಪಸು ಕೊಡುತ್ತಿದ್ದ. ಮದುವೆಯ ವಯಸ್ಸಿನಲ್ಲಿ ಹೆಣ್ಣು ನೋಡಲು ಹೋದ ಎರಡೂ ಮನೆಗಳಲ್ಲಿ ಉಪ್ಪಿಟ್ಟು ತಿಂದು ಮುಗಿಯುವ ಮೊದಲೇ ಪಡಸಾಲೆಯ ಗೋಡೆ ಎಷ್ಟು ವಾಲಿದೆ ಎಂಬುದನ್ನು ಹುಡುಗಿಯ ತಂದೆಗೆ ತಿಳಿಸಿದ್ದ. ಮೂರನೆಯ ಮನೆಯವರು ಕರೆಯಲೇ ಇಲ್ಲ.

ಹಾಗಾಗಿ ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಇದ್ದವರು ಇಬ್ಬರೇ. ಐವತ್ತನಾಲ್ಕರ ಪ್ರಭಂಜನ ಮತ್ತು ಅವನಿಗಿಂತ ಎಂಟು ವರ್ಷ ದೊಡ್ಡವಳಾದ ಅಕ್ಕ ರಾಧಾಬಾಯಿ. ತಾಯಿ ಹೋದಾಗ ಅವನಿಗೆ ಆರು ವರ್ಷ. ಅವನ ಚಡ್ಡಿಗೆ ಗುಂಡಿ ಹಚ್ಚಿ, ಮಗ್ಗಿ ಬಾಯಿಪಾಠ ಮಾಡಿಸಿ, ಪಾಲಿಟೆಕ್ನಿಕ್ಕಿಗೆ ಸೇರಿಸಿದವಳು ಅವಳೇ. ಆಮೇಲೆ ಹೊಸಪೇಟೆಯ ಒಂದು ಮಹಿಳಾ ತರಬೇತಿ ಕೇಂದ್ರದಲ್ಲಿ ನೇಯ್ಗೆಯ ಟೀಚರಾದಳು. ಕೇಂದ್ರ ಮುಚ್ಚಿದಾಗ ಯಾರಿಗೂ ಬೇಡವಾದ ಒಂದು ಪುಟ್ಟ ಮೇಜುಮಗ್ಗವನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ಬಂದಳು. ಪ್ರಭಂಜನನ ಪ್ರಕಾರ ಅವನದು ವಿದ್ಯೆ, ಅವಳದು ಕೈಕೆಲಸ. ಆಫೀಸಿನ ಗ್ರಾಫ್ ಹಾಳೆಗಳನ್ನು ಅವಳಿಗೆ ತಂದುಕೊಡುತ್ತಿದ್ದ. ಅವುಗಳಲ್ಲಿ ಅವಳು ಬರೆದ ನೇಯ್ಗೆಯ ನಕ್ಷೆಗಳನ್ನು ಕಂಡಾಗ, "ಪರವಾಗಿಲ್ಲಕ್ಕಾ, ಗೆರಿ ನೆಟ್ಟಗದಾವ" ಎಂದಷ್ಟೇ ಹೇಳಿ ಮುಂದೆ ಹೋಗುತ್ತಿದ್ದ. ಅದರಲ್ಲಿ ಓದುವುದೇನಿದೆ ಎಂದು ಒಮ್ಮೆಯೂ ಕೇಳಿರಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ಮಗ್ಗದ ಮುಂದೆ ಕುಳಿತಲ್ಲಿಯೇ ಅಕ್ಕನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಪೂರ್ತಿ ಹೋಯಿತು. ಹದಿನೈದು ದಿನ ಆಸ್ಪತ್ರೆಯಲ್ಲಿಟ್ಟು ಮನೆಗೆ ಕರೆತಂದಾಗ ಅವಳ ದೇಹದಲ್ಲಿ ಹೇಳಿದ ಮಾತು ಕೇಳುತ್ತಿದ್ದದ್ದು ಎಡಗೈಯ ಮೂರು ಬೆರಳು, ಕುತ್ತಿಗೆ, ತುಟಿ ಮತ್ತು ಕಣ್ಣು. ಉರುಳಿ ಬಿದ್ದಾಳೆಂಬ ಭಯಕ್ಕೆ ಹಾಸಿಗೆಯನ್ನು ನೆಲದ ಮೇಲೆಯೇ ಹಾಸಿದರು. ನೋಡಿಕೊಳ್ಳಲು ಮೆಟ್ರಿ ಹಳ್ಳಿಯಿಂದ ಯಮನಮ್ಮ ಎಂಬ ಹೆಂಗಸು ಬಂದು ಮನೆಯಲ್ಲೇ ಉಳಿದಳು. ಬಂದ ಮೊದಲ ದಿನವೇ ಪ್ರಭಂಜನನಿಗೆ, "ಸಾಹೇಬ್ರ, ನೀವು ಅಡ್ಡ ನಿಂದ್ರಬ್ಯಾಡ್ರಿ, ಗಾಳಿ ಬರಂಗಿಲ್ಲ" ಎಂದವಳು.

ಗಂಟಲಿಗೆ ತೊಂದರೆಯಿಲ್ಲ, ಗಂಜಿ ಇಳಿಯುತ್ತದೆ ಎಂದು ಡಾಕ್ಟರ್ ಅಚ್ಯುತ ಹೇಳಿದ್ದರು. ಆದರೆ ಅಕ್ಕ ಬಾಯಿ ತೆರೆಯುತ್ತಿರಲಿಲ್ಲ. ದಿನಕ್ಕೆ ಏಳು ಚಮಚ, ಎಂಟು ಚಮಚ; ಆಮೇಲೆ ತುಟಿ ಬಿಗಿ.

"ಬದುಕಬೇಕು ಅನ್ನೋ ಆಸೆ ಅವರಿಗೆ ಬರಬೇಕ್ರಿ. ಅವರಿಗೆ ಇಷ್ಟ ಆಗೂದು ಏನರ ಕಣ್ಣ ಮುಂದ ನಡದಿರಲಿ. ಇಲ್ಲಾಂದ್ರ ಮೂಗಿನಾಗ ನಳಿಗಿ ಹಾಕಬೇಕಾಗ್ತದ" ಎಂದರು ಡಾಕ್ಟರ್.

ಮೂಗಿನ ನಳಿಗೆ ಎಂದೊಡನೆ ಪ್ರಭಂಜನನಿಗೆ ತಂದೆಯ ನೆನಪಾಯಿತು. ಅವರು ಕೊನೆಯ ಎರಡು ತಿಂಗಳು ಹಾಗೆಯೇ ಇದ್ದರು. ಕಿತ್ತುಕೊಳ್ಳಬಾರದೆಂದು ಅವರ ಎರಡೂ ಕೈ ಮಂಚಕ್ಕೆ ಕಟ್ಟಿದ್ದರು. "ಪ್ರಭ್ಯಾ, ನನಗ ಮಾತ್ರ ಇದನ್ನ ಮಾಡಬ್ಯಾಡಪ್ಪ" ಎಂದು ಅಂದೇ ಅಕ್ಕ ಮಾತು ತೆಗೆದುಕೊಂಡಿದ್ದಳು.

ಕಣ್ಣ ಮುಂದೆ ನಡೆಯಬೇಕಾದದ್ದು ಏನೆಂದು ಅವನಿಗೆ ತಕ್ಷಣ ಹೊಳೆಯಿತು. ಮೇಜುಮಗ್ಗದಲ್ಲಿ ಅರ್ಧಕ್ಕೆ ನಿಂತ ಶಲ್ಯವಿತ್ತು. ಉದ್ದಕ್ಕೆ ಬಿಗಿದ ಬಿಳಿ ಎಳೆಗಳ ಹಾಸಿನ ಮೇಲೆ ಕೆಂಪು ನೂಲಿನ, ಶಂಕರಪೋಳಿ ತಿಂಡಿಯಂಥ ವಜ್ರಾಕಾರಗಳು, ಒಂದೊಂದರ ನಡುವೆ ಒಂದು ಹೂ. ಅಕ್ಕನೇ ಕಟ್ಟಿದ ಹೊಸ ವಿನ್ಯಾಸ. ಪಕ್ಕದಲ್ಲೇ ಅದರ ನಕ್ಷೆಯ ಪುಸ್ತಕ. ಕಚೇರಿಗೆ ಒಂದು ತಿಂಗಳ ರಜೆ ಬರೆದು, ಅಕ್ಕನ ಕೋಣೆಯಲ್ಲಿ ಮೇಜಿಗೆ ಜಾಗವಿಲ್ಲದ್ದರಿಂದ ಎರಡು ಎತ್ತರದ ಸ್ಟೂಲುಗಳ ಮೇಲೆ ಮಗ್ಗವನ್ನು ಸೇತುವೆಯಂತೆ ಇಟ್ಟು, ಹಾಸಿಗೆಯ ಪಕ್ಕದಲ್ಲಿ ತಾನೊಂದು ಕುರ್ಚಿ ಹಾಕಿಕೊಂಡು ಕುಳಿತ.

"ನೋಡಕ್ಕಾ, ನಾಲ್ಕು ದಿನದಾಗ ಮುಗಸ್ತೀನಿ. ನಕ್ಷಿ ಎದುರಿಗದ. ಇನ್ನೇನು ಬೇಕು?"

ನಕ್ಷೆ ಸರಳವಾಗಿಯೇ ಇತ್ತು. ಮಗ್ಗಕ್ಕೆ ಎಂಟು ಹಿಡಿ. ಹಿಡಿ ಒತ್ತಿದರೆ ಅದಕ್ಕೆ ಸೇರಿದ ಹಾಸಿನ ಎಳೆಗಳು ಮೇಲೇಳುತ್ತವೆ. ಎದ್ದ ಸಂದಿನಲ್ಲಿ ಕೆಂಪು ನೂಲಿನ ಲಾಳಿ ದಾಟಿಸಬೇಕು. ಪುಸ್ತಕದಲ್ಲಿ ಸಾಲಿಗೆ ಎಂಟೆಂಟು ಮನೆಗಳು, ಹಿಡಿಗೊಂದು ಮನೆ. ಪ್ರತಿ ಸಾಲಿನಲ್ಲೂ ಆರು ಮನೆಗಳಿಗೆ ಕಪ್ಪು ತುಂಬಿತ್ತು, ಎರಡು ಖಾಲಿ. ಕಾಲುವೆ ನಕ್ಷೆಯಲ್ಲಿ ಬಣ್ಣ ತುಂಬಿದಲ್ಲಿ ನೀರಿರುತ್ತದೆ, ಖಾಲಿ ಬಿಟ್ಟಲ್ಲಿ ಬಯಲು. ಲೋಕಕ್ಕೆಲ್ಲ ಅದೇ ನಿಯಮವೆಂದು ಪ್ರಭಂಜನ ಕಪ್ಪು ಮನೆಯ ಆರೂ ಹಿಡಿಗಳನ್ನು ಒತ್ತಿದ. ಒಂದು ಸಾಲಿಗೆ ಆರು ಸಲ ಕಟಕ್ ಕಟಕ್. ಹತ್ತು ಸಾಲಿಗೆ ತೋಳು ಹಿಡಿದುಕೊಂಡವು. ಅಕ್ಕ ಇದನ್ನು ದಾಸರ ಪದ ಗುನುಗುತ್ತ ಮಾಡುತ್ತಿದ್ದಳಲ್ಲ, ಅವಳ ರಟ್ಟೆಯಲ್ಲಿ ಎಂಥ ಬಲವಿತ್ತು ಎಂದು ಬೆರಗಾದ.

ಮೂರು ದಿನಕ್ಕೆ ನಾಲ್ಕು ಬೆರಳಗಲ ನೇಯ್ದ. ಅಕ್ಕನ ಬಟ್ಟೆಯಲ್ಲಿ ಕೆಂಪು ತುಂಬಿ ತುಳುಕುತ್ತಿತ್ತು. ಅವನದರಲ್ಲಿ ಬಿಳಿಯ ಮೇಲೆ ಸೊಳ್ಳೆ ಕಚ್ಚಿದಂತೆ ಅಲ್ಲೊಂದು ಇಲ್ಲೊಂದು ಕೆಂಪು ಚುಕ್ಕೆ. ಎಲ್ಲೋ ಎಣಿಕೆ ತಪ್ಪಿದೆ ಎಂದು ಇಡೀ ನಾಲ್ಕು ಬೆರಳನ್ನೂ ಎಳೆ ಎಳೆಯಾಗಿ ಬಿಚ್ಚಿದ. ಬಿಚ್ಚುವಾಗ ಅಕ್ಕ ಎಡಗೈ ಬೆರಳುಗಳಿಂದ ನೆಲವನ್ನು ತಟ್ಟತೊಡಗಿದಳು. ತಟ್ಟಿದಳು, ತಟ್ಟಿದಳು.

"ತಿಳೀತಕ್ಕಾ, ತಿಳೀತು. ತಪ್ಪಾಗ್ಯದ. ಜಲ್ದಿ ಬಿಚ್ಚತೀನಿ" ಎಂದ ಅವನು.

ಗಂಜಿಯ ಬಟ್ಟಲು ಹಿಡಿದು ನೆಲದ ಮೇಲೆ ಕುಳಿತಿದ್ದ ಯಮನಮ್ಮ ತಲೆಯೆತ್ತಿದಳು. "ಯಾಕ್ ಬಿಚ್ತೀರಿ ಸಾಹೇಬ್ರ? ಹೂ ಚಂದ ಬಂದಿದ್ವಲ್ಲ."

"ಯಮನಮ್ಮಾ, ನಿನಗ ನಕ್ಷಿ ಓದಾಕ ಬರ್ತದೇನು?"

"ಇಲ್ರಿ."

"ಮತ್ತ?"

"ಏನಿಲ್ರಿ. ಕಣ್ಣೈತಲ್ಲ, ಅದಕ್ಕ ಅಂದೆ."

ಸಮಾಧಾನಕ್ಕೆ ಹೇಳುತ್ತಿದ್ದಾಳೆ, ಪಾಪ, ಎಂದುಕೊಂಡು ಅವನು ಬಿಚ್ಚುವುದನ್ನು ಮುಂದುವರಿಸಿದ.

ಎರಡನೆಯ ಸಲ ಸಾಲುಗಳನ್ನು ಬಲದಿಂದ ಎಡಕ್ಕೆ ಓದಿದ. ಮೂರನೆಯ ಸಲ ಕೆಳಗಿನಿಂದ ಮೇಲಕ್ಕೆ. ನಾಲ್ಕನೆಯ ಸಲ ಪುಸ್ತಕವನ್ನೇ ತಲೆಕೆಳಗಾಗಿ ಇಟ್ಟುಕೊಂಡ. ಜೀವಮಾನದಲ್ಲಿ ಅವನು ಮಾಡಿದ ಅತ್ಯಂತ ನಾಚಿಕೆಗೇಡಿನ ಕೆಲಸ ಅದು. ಶಂಕರಪೋಳಿ ಯಾವ ಕಡೆಯಿಂದ ನೋಡಿದರೂ ಶಂಕರಪೋಳಿಯೇ ಆದ್ದರಿಂದ ಫಲ ಬದಲಾಗಲಿಲ್ಲ. ಪ್ರತಿಸಲವೂ ಅದೇ ಬಿಳಿ, ಅದೇ ಸೊಳ್ಳೆ ಕಡಿತ. ಪ್ರತಿಸಲ ಬಿಚ್ಚಿದಾಗಲೂ ಹಾಸಿನ ಎಳೆಗಳು ಜುಂಗು ಜುಂಗಾಗಿ ತೆಳುವಾದವು. ನಾಲ್ಕು ಎಳೆ ಹರಿದೇ ಹೋಗಿ ಗಂಟು ಹಾಕಬೇಕಾಯಿತು. ಇನ್ನು ಒಂದೇ ಸಲ ಬಿಚ್ಚಿದರೆ ಉಳಿದವೂ ತಡೆಯುವುದಿಲ್ಲ ಎಂಬುದು ಕಾಲುವೆ ಕಚೇರಿಯವನಿಗೂ ಕಾಣುತ್ತಿತ್ತು. ಅಕ್ಕ ಈಗ ನೆಲ ತಟ್ಟುತ್ತಿರಲಿಲ್ಲ. ಮುಖವನ್ನು ಗೋಡೆಗೆ ತಿರುಗಿಸಿಬಿಟ್ಟಿದ್ದಳು.

ಒಂದು ದಿನ ಬಸ್ಸು ಹಿಡಿದು ಕಂಪ್ಲಿಗೆ ಹೋದ. ಅಕ್ಕನ ಹಳೆಯ ಶಿಷ್ಯೆ ರೇಣುಕಾದೇವಿ ಅಲ್ಲಿ ಬ್ಲೌಸು ಹೊಲಿಯುವ ಅಂಗಡಿ ಇಟ್ಟಿದ್ದಳು. ಪುಸ್ತಕ ನೋಡಿ ಕಣ್ಣೊರೆಸಿಕೊಂಡಳು.

"ಇದನ್ನ ಓದಾಕ ನಮಗ್ಯಾರಿಗೂ ಬರಂಗಿಲ್ರಿ ಸಾರ್. ನಾವಿದ್ದದ್ದು ಕಾಲಿಲೆ ತುಳಿಯೋ ದೊಡ್ಡ ಮಗ್ಗದ ಮ್ಯಾಲ. ಟೀಚರ್ ನಂಬರ್ ಕೂಗತಿದ್ರು, ನಾವ್ ತುಳೀತಿದ್ವಿ, ಎಳಿ ಕೆಳಗ ಇಳೀತಿದ್ವು. ಈ ಸಣ್ಣ ಮಗ್ಗ ಟೀಚರ್ ಒಬ್ಬರ್ದ. ಎರಡ ಬೆರಳಿನ್ಯಾಗ ನೇಯ್ತಿದ್ರು ನೋಡ್ರಿ, ಹೂ ಕಿತ್ತಂಗ."

ಹೊಗಳುವವರು ಹಾಗೆಯೇ ಹೇಳುವುದು ಎಂದು ಪ್ರಭಂಜನ ಖಾಲಿ ಕೈಯಲ್ಲಿ ವಾಪಸು ಬಂದ.

ಇಷ್ಟರ ನಡುವೆಯೂ ಅವನೊಳಗಿನ ನಕ್ಷೆಗಾರ ಸುಮ್ಮನಿರಲಿಲ್ಲ. ಅಕ್ಕ ದಿನಕ್ಕೆ ಎಷ್ಟು ಚಮಚ ಗಂಜಿ ಕುಡಿದಳೆಂಬುದಕ್ಕೆ ಒಂದು ಗ್ರಾಫ್ ಬರೆದು ಗೋಡೆಗೆ ಅಂಟಿಸಿದ್ದ. ಮೊದಲ ಮೂರು ದಿನ ಗೆರೆ ಏಳರಿಂದ ಹದಿನಾಲ್ಕಕ್ಕೆ ಏರಿತ್ತು; ನಾಲ್ಕನೆಯ ದಿನ ದಡಕ್ಕನೆ ಐದು. ಮತ್ತೆ ಒಂಬತ್ತಕ್ಕೆ ಏರಿ, ಮತ್ತೆ ಮೂರಕ್ಕೆ ಬಿದ್ದಿತ್ತು. ಬಿದ್ದಲ್ಲೆಲ್ಲ ಸಣ್ಣ ಅಕ್ಷರಗಳಲ್ಲಿ ಕಾರಣ ಬರೆದಿದ್ದ: ಗಂಜಿ ಗಟ್ಟಿಯಾಗಿತ್ತು. ಸೆಕೆ. ಡ್ಯಾಮಿನ ಗೇಟು ತೆರೆದ ಸಪ್ಪಳ. ಡಾಕ್ಟರ್ ಅಚ್ಯುತ ಶುಕ್ರವಾರ ಬಂದಾಗ ಆ ಗ್ರಾಫನ್ನು ಒಂದು ನಿಮಿಷ ನೋಡಿದರು.

"ನಿನ್ನೆ ಎಷ್ಟು?"

"ಒಂದು."

"ಇವತ್ತು?"

ಪ್ರಭಂಜನ ಗ್ರಾಫಿನ ಸೊನ್ನೆಯ ಗೆರೆಯ ಮೇಲೆ ಬೆರಳಿಟ್ಟ.

"ಸೋಮವಾರ ಬೆಳಿಗ್ಗೆ ನಳಿಗಿ ತರ್ತೀನ್ರಿ. ಇನ್ನ ಕಾಯೋದು ಅಂದ್ರ ಕೊಂದಂಗ" ಎಂದರು.

ಶನಿವಾರ ಐದನೆಯ ಸಲಕ್ಕೆ ಕುಳಿತ. ಯಾವ ಹೊಸ ಉಪಾಯವೂ ಉಳಿದಿರಲಿಲ್ಲ. ಮೊದಲ ಸಲದಂತೆಯೇ ಆರಾರು ಹಿಡಿ ಒತ್ತಿ, ಉಸಿರು ಬಿಡದೆ ಮೂರು ಬೆರಳಗಲ ನೇಯ್ದ. ಅದೇ ಬಿಳಿ. ಕತ್ತರಿ ಕೈಗೆತ್ತಿಕೊಂಡ, ಹಾಸನ್ನೇ ಕತ್ತರಿಸಿ ಮಗ್ಗವನ್ನು ಅಟ್ಟಕ್ಕೆ ಹಾಕಿಬಿಟ್ಟರೆ ಅಕ್ಕನಿಗೂ ನೋಡುವ ಶಿಕ್ಷೆ ತಪ್ಪುತ್ತದೆ. ಕತ್ತರಿ ಹಾಸಿನ ತನಕ ಹೋಗಿ ನಿಂತಿತು. ನಾಳೆ ಕತ್ತರಿಸೋಣ ಎಂದು ಕತ್ತರಿಯನ್ನು ಮಗ್ಗದ ಮೇಲೆಯೇ ಇಟ್ಟ.

ಭಾನುವಾರ ಯಮನಮ್ಮ ರಜೆ ಕೇಳಿದಳು. ಮೆಟ್ರಿಯಲ್ಲಿ ಮೊಮ್ಮಗಳಿಗೆ ಕಿವಿ ಚುಚ್ಚುವ ಕಾರ್ಯ.

"ಗಂಜಿ ನೀವ ಕುಡಿಸ್ರಿ ಸಾಹೇಬ್ರ. ಕುರ್ಚಿ ಮ್ಯಾಲ ಕುಂತು ಕುಡಿಸಾಕ ಆಗಂಗಿಲ್ಲ. ನೆಲಕ್ಕ ಕುಂದ್ರಬೇಕಾಗ್ತೈತಿ" ಎಂದು, ಒಂದು ಸಲ ಅವನ ಮೊಣಕಾಲುಗಳ ಕಡೆಗೆ ನೋಡಿ ಹೋದಳು.

ಇಷ್ಟು ದಿನ ಅವನು ಆ ಕೋಣೆಯಲ್ಲಿ ನಿಂತಿದ್ದ, ಕುರ್ಚಿಯಲ್ಲಿ ಕುಳಿತಿದ್ದ, ನೆಲಕ್ಕೆ ಇಳಿದಿರಲಿಲ್ಲ. ಈಗ ಗೋಡೆ ಹಿಡಿದು, ಸ್ಟೂಲು ಹಿಡಿದು, ಎಲ್ಲ ದೇವರ ಹೆಸರನ್ನೂ ಹೇಳಿ ಕುಳಿತ. ಅಕ್ಕನ ಮುಖ ಗೋಡೆಗಿತ್ತು. "ಒಂದ ಚಮಚ, ಅಕ್ಕಾ. ನಾಳೆ ಅವ್ರು ಬರ್ತಾರ. ನಾ ಏನಂತ ಹೇಳಲಿ ಅವ್ರಿಗೆ?" ತುಟಿ ಬಿಗಿಯಾಗಿಯೇ ಇತ್ತು. ಚಮಚದ ಗಂಜಿ ಗದ್ದಕ್ಕೆ ಹರಿದು ದಿಂಬಿಗೆ ಇಳಿಯಿತು. ಅವಳ ಮುಖವನ್ನು ಗೋಡೆಯ ಕಡೆಯಿಂದ ನೋಡಿಯಾದರೂ ಕೇಳೋಣವೆಂದು ಅವನು ದಿಂಬಿನ ಪಕ್ಕದಲ್ಲಿ ತಲೆಯಿಟ್ಟು ಅಂಗಾತ ಬಿದ್ದುಕೊಂಡ. ಅತ್ತ ಹೊರಳುವ ಶಕ್ತಿ ಸಾಲದೆ ಹಾಗೆಯೇ ಮೇಲೆ ನೋಡುತ್ತ ಉಳಿದ.

ಎರಡು ಸ್ಟೂಲುಗಳ ನಡುವಿನ ಸಂದಿನಲ್ಲಿ ಮಗ್ಗದ ತಳ ಕಾಣುತ್ತಿತ್ತು. ಅಕ್ಕ ನೇಯ್ದ ಭಾಗದ ಅಡಿಮೈ ಪೂರ್ತಿ ಬಿಳಿ, ಅದರ ಮೇಲೆ ಸೊಳ್ಳೆ ಕಚ್ಚಿದಂಥ ಕೆಂಪು ಚುಕ್ಕೆಗಳು. ಅದು ಮುಗಿದಲ್ಲಿಂದ, ಅವನು ನಿನ್ನೆ ನೇಯ್ದ ಮೂರು ಬೆರಳಗಲದಲ್ಲಿ, ಕೆಂಪು. ತುಂಬಿದ ಕೆಂಪು. ಶಂಕರಪೋಳಿ, ನಡುವೆ ಹೂ. ಒಂದು ಎಳೆಯೂ ತಪ್ಪಿರಲಿಲ್ಲ.

ತುಳಿದರೆ ಎಳೆ ಕೆಳಗಿಳಿಯುವ ದೊಡ್ಡ ಮಗ್ಗದಲ್ಲಿ ನಕ್ಷೆ ಕಲಿತವಳು ಅಕ್ಕ. ಅವಳ ಪುಸ್ತಕದಲ್ಲಿ ಕಪ್ಪು ಮನೆಯೆಂದರೆ ಕೆಳಗೆ ಇರಬೇಕಾದ ಎಳೆ. ಈ ಮಗ್ಗದಲ್ಲಿ ಅವಳು ಕಪ್ಪನ್ನು ಮುಟ್ಟುತ್ತಲೇ ಇರಲಿಲ್ಲ. ಖಾಲಿ ಬಿಟ್ಟ ಎರಡನ್ನಷ್ಟೇ ಒತ್ತಿ ಮೇಲೆತ್ತುತ್ತಿದ್ದಳು. ಎರಡು ಬೆರಳಲ್ಲಿ, ಹೂ ಕಿತ್ತಂತೆ. ಅವನು ಉಳಿದ ಆರನ್ನೂ ಎತ್ತಿ, ಮೇಲ್ಮೈಯನ್ನೆಲ್ಲ ಬಟ್ಟೆಯ ಹೊಟ್ಟೆಗೆ ಕಳಿಸಿದ್ದ.

ಇದು ತಿಳಿದ ಸಂತೋಷ ಹೆಚ್ಚು ಹೊತ್ತು ಇರಲಿಲ್ಲ. ಮಲಗಿದಲ್ಲಿಂದ ಎದುರಿನ ಗೋಡೆಯ ಗ್ರಾಫೂ ಕಾಣುತ್ತಿತ್ತು. ಏರಿದ್ದು ನೇಯ್ದ ದಿನ. ಬಿದ್ದದ್ದು ಬಿಚ್ಚಿದ ದಿನ. ಇಪ್ಪತ್ತೆರಡು ದಿನ ಈ ದಿಂಬಿನ ಮೇಲಿಂದ ಅವಳು ತನ್ನ ಹೂಗಳು ಸಾಲುಸಾಲಾಗಿ ಅರಳುವುದನ್ನು ನೋಡಿದ್ದಳು, ತಮ್ಮ ಬಂದು ಅವನ್ನು ಕಿತ್ತು ಹಾಕುವುದನ್ನೂ ನೋಡಿದ್ದಳು. ನೆಲ ತಟ್ಟಿದ್ದು ಜಲ್ದಿ ಬಿಚ್ಚು ಎಂದಲ್ಲ, ಬಿಚ್ಚಬೇಡ ಎಂದು. ಅವನನ್ನು ತಡೆ ಎನ್ನಲು ಅವಳಿಗೆ ಇನ್ಯಾರಿದ್ದರು? ಯಮನಮ್ಮ ಒಬ್ಬಳಿದ್ದಳು, ಅವಳಿಗೆ ನಕ್ಷೆ ಓದಲು ಬರುತ್ತಿರಲಿಲ್ಲ. ಪ್ರಭಂಜನ ಮಲಗಿದಲ್ಲಿಯೇ ಅತ್ತ. ಐವತ್ತನಾಲ್ಕರ ಗಂಡಸು ಅಂಗಾತ ಮಲಗಿ ಅತ್ತರೆ ನೀರೆಲ್ಲ ಕಿವಿಗೆ ಹೋಗುತ್ತದೆ.

ಏಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ಮೊದಲು ಕತ್ತರಿಯನ್ನು ತೆಗೆದು ಕಿಟಕಿಯಾಚೆ ಎಸೆದ. ಪುಸ್ತಕ ತೆರೆದು, ಖಾಲಿ ಮನೆಗಳ ಮೇಲೆ ಬೆರಳಿಟ್ಟು, ಎರಡು ಹಿಡಿ ಒತ್ತಿದ.

ಕಟಕ್. ಕಟಕ್.

ಲಾಳಿ ದಾಟಿಸಿ ಮಗ್ಗದ ಹಣಿಗೆಯಿಂದ ನೂಲನ್ನು ಬಡಿದ. ಮತ್ತೆ ಎರಡು. ಕೆಂಪು ಮೇಲೆ ಬಂತು. ಅವನು ಅದನ್ನು ನೋಡುತ್ತಿರಲಿಲ್ಲ, ಹಾಸಿಗೆಯನ್ನು ನೋಡುತ್ತಿದ್ದ. ಆರರ ಬದಲು ಎರಡೇ ಸಪ್ಪಳ ಕೇಳಿಯೋ ಏನೋ, ಏಳನೆಯ ಸಾಲಿಗೆ ಅಕ್ಕನ ತಲೆ ದಿಂಬಿನ ಮೇಲೆ ಸ್ವಲ್ಪ ಹೊರಳಿತು. ಹತ್ತನೆಯದಕ್ಕೆ ಮುಖ ಇತ್ತ ಬಂತು. ಕಣ್ಣು ಮೊದಲು ಹೋದದ್ದು ಮಗ್ಗದ ತಳಕ್ಕೆ. ಅಲ್ಲಿ ಹಿಂದಿನ ಮೂರು ಬೆರಳ ಕೆಂಪು ಹಾಗೆಯೇ ಇದೆಯೇ ಎಂದು.

"ಬಿಚ್ಚಂಗಿಲ್ಲಕ್ಕಾ. ಅದು ಅಲ್ಲೇ ಇರ್ತದ. ಆಣಿ ಮಾಡ್ತೀನಿ."

ಮತ್ತೆ ನೆಲಕ್ಕೆ ಇಳಿದ. ಆರಿದ ಗಂಜಿಯನ್ನೇ ಚಮಚದಲ್ಲಿ ಹಿಡಿದ. ಅಕ್ಕ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಚಿಕ್ಕಂದಿನಲ್ಲಿ ಮಗ್ಗಿ ತಪ್ಪಿದಾಗ ನೋಡುತ್ತಿದ್ದ ಅದೇ ನೋಟ. ಆಮೇಲೆ ಬಾಯಿ ತೆರೆದಳು. ನಾಲ್ಕು ಚಮಚ. ಐದನೆಯದಕ್ಕೆ ಮುಖ ಸಿಂಡರಿಸಿದಳು. ಅವನು ರುಚಿ ನೋಡಿದರೆ ಉಪ್ಪು ಹಾಕುವುದನ್ನೇ ಮರೆತಿದ್ದ.

ಸೋಮವಾರ ಬೆಳಿಗ್ಗೆ ಡಾಕ್ಟರ್ ಅಚ್ಯುತ ಬಂದರು. ನಳಿಗೆಯ ಪೊಟ್ಟಣ ಕೈಯಲ್ಲೇ ಇತ್ತು. ಅದಕ್ಕೂ ಮೊದಲೇ ಬಂದಿದ್ದ ಯಮನಮ್ಮ, "ಮುಂಜಾಲೆ ಆರು ಚಮಚ ಆಗೇತ್ರಿ" ಎಂದಳು. ಅವರು ಅಕ್ಕನ ನಾಡಿ ನೋಡಿ, ನಾಲಿಗೆ ನೋಡಿ, ಪೊಟ್ಟಣವನ್ನು ಬ್ಯಾಗಿಗೆ ಹಾಕಲಿಲ್ಲ, ಬಿಚ್ಚಲೂ ಇಲ್ಲ.

"ಗುರುವಾರದ ತನಕ ನೋಡೋಣ್ರಿ. ಹೊತ್ತಿಗೆ ಹತ್ತು ಚಮಚ ದಾಟಬೇಕು. ನಾ ಏನೂ ಭರವಸೆ ಕೊಡಂಗಿಲ್ಲ."

ಹೊರಡುವಾಗ ಮಗ್ಗದ ಕಡೆಗೆ ಬಾಗಿ ನೋಡಿದರು. "ಚಂದ ಅದ. ಇಲ್ಲಿ ನಡುವ ಮೂರು ಬೆರಳು ಮಾತ್ರ ಏನೋ ತಪ್ಪಾಗ್ಯದ ಅನಸ್ತದಲ್ಲ?"

ಯಮನಮ್ಮ ಬಾಯಿಗೆ ಸೆರಗು ಹಿಡಿದಳು. ಕಾಲುವೆ ನಕ್ಷೆಯಿಂದ ಹಿಡಿದು ಮೇಲ್ಮೈ ಅಡಿಮೈಗಳ ತನಕ ವಿವರಿಸಲು ಅರ್ಧ ಗಂಟೆಯಾದರೂ ಬೇಕಿತ್ತು, ಪ್ರಭಂಜನ ಉಸಿರನ್ನೂ ಎಳೆದುಕೊಂಡಿದ್ದ. ಕೆಳಗಿನಿಂದ ಅಕ್ಕ ನೋಡುತ್ತಿದ್ದಳು.

"ಹೌದ್ರಿ. ನಂದ ತಪ್ಪು" ಎಂದು ಹೇಳಿ, ಖಾಲಿ ಮನೆಗಳ ಮೇಲೆ ಬೆರಳಿಟ್ಟು ಮುಂದಿನ ಸಾಲಿಗೆ ಹಿಡಿ ಒತ್ತಿದ.